ಪಾರ್ಸೆಲ್‌ನಲ್ಲಿ ಮಿಸ್ತ್ರಿ ಬರೋದಿಲ್ಲ

ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೀನಿ. ನನ್ನ ಹಳೇ ಬೈಕಿಗೆ ಚೈನ್ ಸ್ಪ್ರಾಕೆಟ್ ಸೆಟ್ ಬೇಕಿತ್ತು. ಅಂಗಡಿಗೆ ಹೋಗಿ ರೇಟು ಕೇಳಿದೆ. ಅಲ್ಲೇ ಕೌಂಟರ್ ಮುಂದೆ ನಿಂತು ಮೊಬೈಲ್ ತೆಗೆದೆ. ಮುನ್ನೂರು ರೂಪಾಯಿ ಕಡಿಮೆ ತೋರಿಸ್ತು. ‘ಆಮೇಲೆ ಬರ್ತೀನಿ’ ಅಂತ ಹೇಳಿ ಹೊರಗೆ ಬಂದು ಆರ್ಡರ್ ಹಾಕಿದೆ. ನಾಲ್ಕು ದಿನಕ್ಕೆ ಡಬ್ಬಿ ಬಂತು. ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ ಅದನ್ನ ಕೈಯಲ್ಲಿ ಹಿಡಿದು ಒಂದು ಸಲ ತಿರುಗಿಸಿದ, ಅಷ್ಟೇ. ‘ಸರ, ಇದು ನಿಮ್ಮ ಗಾಡಿದಲ್ರಿ’ ಅಂದ. ಬೋಲ್ಟ್ ಕೂರೋ ತೂತುಗಳೇ ಹೊಂದಲಿಲ್ಲ. ವಾಪಸ್ ಕಳಿಸೋಣ ಅಂದ್ರೆ ದಿನ ಮೀರಿತ್ತು. ಕೊನೆಗೆ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಏನೂ ಕೇಳಲಿಲ್ಲ, ಸೆಟ್ ತೆಗೆದು ಕೊಟ್ಟರು. ಬೈದಿದ್ದರೆ ಮರೆತುಬಿಡ್ತಿದ್ದೆ. ಬೈಯಲಿಲ್ಲ ನೋಡಿ, ಅದಕ್ಕೇ ಇವತ್ತು ಈ ಮಾತು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ಹೋಗಿ ನೋಡಿ. ಈ ಕಡೆ ಬೈಕು ಶೋಕಿ ವಸ್ತು ಅಲ್ಲ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಮೇವಿನ ಹೊರೆ, ಸಂಜೆ ಮಗಳ ಟ್ಯೂಷನ್ನು, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ. ರಾಮದುರ್ಗದ ನೇಕಾರ ನೂಲು ತರೋದೂ ಅದರ ಮೇಲೆಯೇ. ಬೈಕು ಒಂದು ದಿನ ನಿಂತರೆ ಮನೆಯ ಅರ್ಧ ಕೆಲಸ ನಿಲ್ಲುತ್ತೆ. ಆ ಬೈಕನ್ನ ಓಡಿಸ್ತಾ ಇರೋರು ಯಾರು? ಬಸ್ ಸ್ಟ್ಯಾಂಡ್ ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿ ಮತ್ತು ಅದರ ಎದುರಿನ ಗ್ಯಾರೇಜು. ಇವೆರಡೂ ಒಂದು ಜೋಡಿ. ಮಿಸ್ತ್ರಿ ಚೀಟಿ ಬರೆದು ಕೊಡ್ತಾನೆ, ಅಂಗಡಿಯವರು ಸಾಮಾನು ಕೊಡ್ತಾರೆ. ಒಬ್ಬರು ಬಾಗಿಲು ಹಾಕಿದರೆ ಇನ್ನೊಬ್ಬರ ಕೈ ಕಟ್ಟಿದ ಹಾಗೆ.

ಹಾಗಾದ್ರೆ ಆನ್‌ಲೈನ್‌ನಲ್ಲಿ ಯಾಕೆ ಅಗ್ಗ? ಅಂಗಡಿಯವರು ಸುಲಿಗೆ ಮಾಡ್ತಾರೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಲೆಕ್ಕ ಬೇರೆ ಇದೆ. ಬಿಡಿ ಭಾಗ ಕಾರ್ಖಾನೆಯಿಂದ ದೊಡ್ಡ ಡೀಲರ್‌ಗೆ, ಅಲ್ಲಿಂದ ಹುಬ್ಬಳ್ಳಿ ಅಥವಾ ಬೆಳಗಾವಿಯ ಹೋಲ್‌ಸೇಲ್‌ನವರಿಗೆ, ಅಲ್ಲಿಂದ ಸವದತ್ತಿಗೆ ಬರುತ್ತೆ. ಪ್ರತಿ ಮೆಟ್ಟಿಲಲ್ಲೂ ಸಾಗಾಟ, ಲಾಭ ಸೇರುತ್ತೆ. ಆನ್‌ಲೈನ್ ಮಾರಾಟಗಾರ ಒಂದೇ ಗೋದಾಮಿನಿಂದ ಇಡೀ ದೇಶಕ್ಕೆ ಕಳಿಸ್ತಾನೆ. ಸಾವಿರ ಸೆಟ್ ಕೊಳ್ಳೋನಿಗೆ ಸಿಗೋ ರೇಟು ಹತ್ತು ಸೆಟ್ ಕೊಳ್ಳೋನಿಗೆ ಸಿಗಲ್ಲ. ಇನ್ನು ಎಲ್‌ಇಡಿ ಲೈಟು, ಇಂಡಿಕೇಟರ್, ಮೊಬೈಲ್ ಹೋಲ್ಡರ್‌ನಂಥ ಸಾಮಾನು ಚೀನಾದಿಂದ ಹೇರಳವಾಗಿ ಬರುತ್ತೆ. ಅಲ್ಲಿನ ಚೋಂಗ್‌ಚಿಂಗ್ ಅನ್ನೋ ಒಂದು ನಗರವೇ ಮೋಟರ್‌ಸೈಕಲ್ ಉದ್ಯಮದ ದೊಡ್ಡ ಕೇಂದ್ರ. ಅಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಾದ ಸಾಮಾನಿನ ಬೆಲೆಗೆ ನಮ್ಮ ತಾಲೂಕಿನ ಅಂಗಡಿ ಹೇಗೆ ಪೈಪೋಟಿ ಕೊಡಬೇಕು?

ಕಾನೂನು ಇಲ್ವಾ ಅಂದ್ರೆ, ಇದೆ. ವಿದೇಶಿ ಬಂಡವಾಳದ ಇ-ಕಾಮರ್ಸ್ ಕಂಪನಿ ಬರೀ ಸಂತೆಕಟ್ಟೆ ಆಗಿರಬೇಕು, ತಾನೇ ಸರಕು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ ಅನ್ನೋದು ನಮ್ಮ ನಿಯಮ. 2019ರ ಫೆಬ್ರವರಿ 1ರಿಂದ ಅದನ್ನ ಇನ್ನೂ ಬಿಗಿ ಮಾಡಿದರು. ಆದರೂ ಕೆಲವೇ ಆಪ್ತ ಮಾರಾಟಗಾರರಿಗೆ ಅನುಕೂಲ ಮಾಡಿಕೊಡ್ತಾರೆ ಅನ್ನೋ ದೂರು ಹೋಯ್ತು. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶ ಮಾಡಿತು. ಕಂಪನಿಗಳು ಬಂದಿದ್ದು ನಮ್ಮ ಕರ್ನಾಟಕ ಹೈಕೋರ್ಟಿಗೇ. ಮೊದಲು ತಡೆ ಸಿಕ್ಕಿತು, 2021ರ ಜೂನ್‌ನಲ್ಲಿ ಅರ್ಜಿ ವಜಾ ಆಯ್ತು. ಮೇಲ್ಮನವಿಯೂ ಬಿದ್ದು ಹೋಯ್ತು, ಸುಪ್ರೀಂ ಕೋರ್ಟೂ ತನಿಖೆ ತಡೆಯಲಿಲ್ಲ. ತನಿಖೆ ಶುರುವಾಗೋದಕ್ಕೇ ವರ್ಷದ ಮೇಲೆ ವರ್ಷ ಹೋಯ್ತು. ಆದರೆ ಅಂಗಡಿಯ ಬಾಡಿಗೆ ತಿಂಗಳಿಗೊಮ್ಮೆ ಬರುತ್ತೆ, ಕೋರ್ಟಿನ ತಾರೀಕಿಗೆ ಕಾಯಲ್ಲ.

ತೆರಿಗೆ ಕಡೆ ನೋಡಿ. ಮೋಟರ್‌ಸೈಕಲ್ ಬಿಡಿ ಭಾಗಕ್ಕೆ ಶೇಕಡಾ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18 ಆಯ್ತು. 350 ಸಿಸಿ ವರೆಗಿನ ಬೈಕಿಗೂ ಅಷ್ಟೇ. ಒಳ್ಳೇದು. ಆದರೆ ಸಣ್ಣ ಅಂಗಡಿಯವರಲ್ಲಿ ಕಾಂಪೋಸಿಷನ್ ಪದ್ಧತಿಯಲ್ಲಿ ಇರೋರಿದ್ದಾರೆ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರೋ ವ್ಯಾಪಾರಿ ಶೇಕಡಾ 1 ತೆರಿಗೆ ಕಟ್ಟಿ ನಿರಾಳ ಆಗಬಹುದು. ಆದರೆ ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. ಅಂದ್ರೆ ಶೇಕಡಾ 28 ಕೊಟ್ಟು ತಂದ ಹಳೇ ಸ್ಟಾಕು ಕಪಾಟಿನಲ್ಲಿ ಕೂತಿದೆ, ಗಿರಾಕಿ ಶೇಕಡಾ 18ರ ರೇಟು ಕೇಳ್ತಾನೆ. ನಡುವಿನ ನಷ್ಟ ಯಾರದ್ದು? ಅಂಗಡಿಯವರದ್ದು.

‘ಅವರೂ ಆನ್‌ಲೈನ್‌ನಲ್ಲಿ ಮಾರಲಿ’ ಅಂತ ಬೆಂಗಳೂರಿನಲ್ಲಿ ಕೂತು ಹೇಳೋದು ಸುಲಭ. ಕಾಂಪೋಸಿಷನ್ ವ್ಯಾಪಾರಿಗೆ ಇ-ಕಾಮರ್ಸ್ ಬಾಗಿಲು ತೆರೆದಿದ್ದೇ 2023ರ ಅಕ್ಟೋಬರ್ 1ರಿಂದ. ಅದೂ ರಾಜ್ಯದ ಒಳಗೆ ಮಾತ್ರ. ಬೆಳಗಾವಿ ಜಿಲ್ಲೆಯವರಿಗೆ ಕೊಲ್ಲಾಪುರ, ಗೋವಾ ಕೂಗಳತೆ ದೂರ, ಬೆಂಗಳೂರು ಒಂದು ರಾತ್ರಿಯ ದಾರಿ. ಆದರೂ ಕಾಂಪೋಸಿಷನ್‌ನಲ್ಲಿ ಇದ್ದುಕೊಂಡು ಬೈಲಹೊಂಗಲದಿಂದ ಕೊಲ್ಲಾಪುರಕ್ಕೆ ಒಂದು ಕ್ಲಚ್ ಪ್ಲೇಟ್ ಮಾರುವಂತಿಲ್ಲ.

ಇನ್ನೊಂದು ಪೆಟ್ಟು ತಂತ್ರಜ್ಞಾನದ್ದು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್, ಸೆನ್ಸರ್ ಬಂತು. ಕಿವಿಯಲ್ಲಿ ಕೇಳಿ ಇಂಜಿನ್ ರೋಗ ಹೇಳ್ತಿದ್ದ ಮಿಸ್ತ್ರಿಗೆ ಈಗ ಸ್ಕ್ಯಾನರ್ ಬೇಕು, ತರಬೇತಿ ಬೇಕು. ಹೊಸ ಗಾಡಿ ಶೋರೂಮಿಗೆ ಹೋಗುತ್ತೆ, ಹಳೇ ಗಾಡಿಯ ಸಾಮಾನು ಪಾರ್ಸೆಲ್‌ನಲ್ಲಿ ಬರುತ್ತೆ. ಗ್ಯಾರೇಜಿಗೆ ಉಳಿಯೋದು ಪಂಚರ್ ಮತ್ತು ಆಯಿಲ್ ಬದಲಿ.

ಈಗ ಪಾರ್ಸೆಲ್ ಕೊಡದೇ ಇರೋದು ಏನು ಅಂತ ನೋಡಿ. ಮೊದಲನೇದು ಉದ್ರಿ. ‘ಕಬ್ಬಿನ ಬಿಲ್ ಬಂದ ಮ್ಯಾಲೆ ಕೊಡ್ತೇನ್ರಿ’ ಅಂದ್ರೆ ಯಾವ ಆ್ಯಪ್ ಪಿಸ್ಟನ್ ಕೊಡುತ್ತೆ? ನಮ್ಮ ಅಂಗಡಿ ಕೊಡುತ್ತೆ. ಆ ಉದ್ರಿಯ ಬಡ್ಡಿ ಅಂಗಡಿಯ ರೇಟಿನಲ್ಲೇ ಅಡಗಿರುತ್ತೆ. ನಾವು ನಗದು ಇದ್ದಾಗ ಆನ್‌ಲೈನ್‌ಗೆ, ಕೈ ಖಾಲಿ ಆದಾಗ ಅಂಗಡಿಗೆ ಹೋದರೆ ಅಂಗಡಿಗೆ ಉಳಿಯೋದು ಖಾತೆ ಪುಸ್ತಕ ಮಾತ್ರ. ಎರಡನೇದು ಹೊಣೆ. ಬ್ರೇಕ್ ಶೂ ನಕಲಿ ಆದ್ರೆ ಹೋಗೋದು ದುಡ್ಡಲ್ಲ, ಜೀವ. ಅಂಗಡಿಯಲ್ಲಿ ನಕಲಿ ಸಿಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸಿಗುತ್ತೆ. ಆದರೆ ನಾಳೆ ಹೋಗಿ ಕೇಳೋಕೆ ಅಲ್ಲಿ ಒಂದು ಮುಖ ಇದೆ.

ಕಿತ್ತೂರಿನ ಹೆಸರು ಬಂದರೆ ನಮಗೆ 1824 ನೆನಪಾಗುತ್ತೆ. ವ್ಯಾಪಾರಕ್ಕೆ ಬಂದ ಕಂಪನಿಯ ಎದುರು ಚೆನ್ನಮ್ಮ ನಿಂತಳು, ಆಕೆಯ ಸಮಾಧಿ ಬೈಲಹೊಂಗಲದಲ್ಲೇ ಇದೆ. ‘ಇದು ಎರಡನೇ ಕಿತ್ತೂರು ಯುದ್ಧ’ ಅಂತ ನಾನೂ ಕೂಗಬಹುದು, ಟಿವಿಯಲ್ಲಿ ಚೆನ್ನಾಗಿ ಕೇಳಿಸುತ್ತೆ. ಆದರೆ ಅದು ನಿಜ ಅಲ್ಲ. ಅಂದು ಕಂಪನಿ ಫಿರಂಗಿ ತಂದಿತ್ತು. ಇಂದು ಆರ್ಡರ್ ಬಟನ್ ಒತ್ತುತ್ತಿರೋದು ನಮ್ಮದೇ ಬೆರಳು. ಸವದತ್ತಿಯ ಹುಡುಗನಿಗೆ ಊರಲ್ಲಿ ಸಿಗದ ಸಾಮಾನು ಮನೆಗೆ ಬಂದರೆ ಅದು ಒಳ್ಳೇದೇ. ಸ್ಪರ್ಧೆ ಇರಲಿ, ನೆಲ ಸಮ ಇರಲಿ ಅನ್ನೋದಷ್ಟೇ ನನ್ನ ಮಾತು.

ಹಾಗಾದ್ರೆ ಮಾಡಬೇಕಾದ್ದೇನು? ಸರ್ಕಾರ ಸಣ್ಣ ವ್ಯಾಪಾರಿಗೆ ಹೊರರಾಜ್ಯದ ಆನ್‌ಲೈನ್ ಬಾಗಿಲು ತೆರೀಬೇಕು, ಐಟಿಐಗಳಲ್ಲಿ ಮಿಸ್ತ್ರಿಗಳಿಗೆ ಸಂಜೆ ಹೊತ್ತಿನ ಬಿಎಸ್-6 ತರಬೇತಿ ಕೊಡಬೇಕು. ನಾಲ್ಕು ತಾಲೂಕಿನ ಅಂಗಡಿಯವರು ಬೇರೆ ಬೇರೆ ಹತ್ತತ್ತು ಸೆಟ್ ತರೋ ಬದಲು ಕೂಡಿ ಕೊಂಡರೆ ರೇಟು ಇಳಿಯುತ್ತೆ. ಅಂಗಡಿಯವರೂ ಬಿಲ್ ಕೊಡೋದನ್ನ, ಒರಿಜಿನಲ್ ಯಾವುದು, ಲೋಕಲ್ ಯಾವುದು ಅಂತ ನೇರ ಹೇಳೋದನ್ನ ರೂಢಿ ಮಾಡಿಕೊಳ್ಳಬೇಕು.

ನಾವು? ಆನ್‌ಲೈನ್‌ನಲ್ಲಿ ಕೊಳ್ಳುವಾಗ ಯಾವ ದೇಶದ ಸಾಮಾನು ಅಂತ ನೋಡಿ. ಅದನ್ನ ತೋರಿಸಲೇಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತೆ. ಹೆಲ್ಮೆಟ್ ಆದ್ರೆ ಐಎಸ್‌ಐ ಗುರುತು ನೋಡಿ, 2021ರ ಜೂನ್ 1ರಿಂದ ಅದು ಕಡ್ಡಾಯ. ಮೋಸ ಆದ್ರೆ 1915ಕ್ಕೆ ಫೋನ್ ಮಾಡಿ. ಕಂಪನಿ ಎಲ್ಲೇ ಇರಲಿ, ನೀವಿರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಇನ್ನು ಬ್ರೇಕು, ಚೈನು, ಟೈರು, ಈ ಮೂರನ್ನಾದರೂ ಮಿಸ್ತ್ರಿಯ ಕೈಗೆ ತೋರಿಸಿ ಕೊಳ್ಳಿ.

ಒಂದು ರಾತ್ರಿ ಯರಗಟ್ಟಿ ದಾರಿಯಲ್ಲಿ ನಿಮ್ಮ ಚೈನು ಕಡಿಯುತ್ತೆ ಅಂತ ಇಟ್ಟುಕೊಳ್ಳಿ. ಹಿಂದೆ ಹೆಂಡತಿ, ಮಗು. ಆ ಹೊತ್ತಿಗೆ ಆ್ಯಪ್ ‘ನಾಲ್ಕು ದಿನದಲ್ಲಿ ಡೆಲಿವರಿ’ ಅನ್ನುತ್ತೆ. ನೀವು ಫೋನ್ ಮಾಡೋದು ಮಿಸ್ತ್ರಿಗೆ. ಆ ಫೋನ್ ಎತ್ತೋಕೆ ಆತ ಇರಬೇಕು ಅಂದ್ರೆ, ಹಗಲು ಹೊತ್ತಿನಲ್ಲೂ ನಾವು ಆತನ ಅಂಗಳಕ್ಕೆ ಹೋಗಿರಬೇಕು.