ಒಂದೇ ಫೋಟೊ, ಎರಡು ಲೆಕ್ಕ!

ಒಂದೇ ಬಿಲ್ಲನ್ನು ಇಬ್ಬರು ಗಿರಾಕಿಗಳ ಖಾತೆಗೆ ಬರೆದರೆ ಅಂಗಡಿಯವನನ್ನು ಜನ ಸುಮ್ಮನೆ ಬಿಡ್ತಾರೆಯೇ? 2024ರ ಜನವರಿಯಲ್ಲಿ ಹೆಚ್ಚುಕಮ್ಮಿ ಇಂಥದ್ದೇ ತಕರಾರು ಅಮೆರಿಕದ ಬಾಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸುತ್ತಿಕೊಂಡಿತು. 1947ರಲ್ಲಿ ಹುಟ್ಟಿದ, ಹಾರ್ವರ್ಡ್ ನಂಟಿನ, ಜಗತ್ತೇ ಬಲ್ಲ ಸಂಸ್ಥೆ ಅದು.

ತಕರಾರು ಎತ್ತಿದವರು ದೊಡ್ಡ ಪ್ರೊಫೆಸರೇನಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಷೋಲ್ಟೊ ಡೇವಿಡ್ ಎಂಬ ಜೀವವಿಜ್ಞಾನಿ. ಆಗ ಕೈಯಲ್ಲಿ ನೌಕರಿಯೂ ಇರಲಿಲ್ಲ. ಸಂಸ್ಥೆಯ ದೊಡ್ಡ ತಲೆಗಳ ಹೆಸರಿದ್ದ ಸಂಶೋಧನಾ ಲೇಖನಗಳನ್ನು ಮುಂದಿಟ್ಟುಕೊಂಡು, ಅದರೊಳಗಿನ ಚಿತ್ರಗಳನ್ನು ಕಣ್ಣಿನಿಂದಲೂ ಕಂಪ್ಯೂಟರಿನಿಂದಲೂ ತಾಳೆ ನೋಡಿದರು.

ಯಾವ ಚಿತ್ರ ಅಂತೀರಾ? ಜೀವಕೋಶದಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂದು ತೋರಿಸುವ ಕಪ್ಪು ಪಟ್ಟಿಗಳು. ಪ್ರಯೋಗ ಬೇರೆಯಾದರೆ ಪಟ್ಟಿಯೂ ಬೇರೆಯಾಗಬೇಕು. ಒಂದನ್ನೇ ತಿರುಗಿಸಿ, ಎಳೆದು ಇನ್ನೊಂದು ಕಡೆ ಅಂಟಿಸಿದಂತೆ ಕಂಡರೆ, ಎರಡನೇ ಪ್ರಯೋಗ ನಡೆದದ್ದಾದರೂ ನಿಜವೇ ಅನ್ನೋ ಪ್ರಶ್ನೆ ಏಳುತ್ತೆ.

ಅದೇ ತಿಂಗಳು ಸಂಸ್ಥೆ 6 ಲೇಖನ ವಾಪಸ್ ಪಡೆಯಲು, 31 ಲೇಖನ ತಿದ್ದಲು ಹೊರಟಿತು. ಚಿತ್ರ ತಪ್ಪಿದ ಮಾತ್ರಕ್ಕೆ ಮೋಸದ ಉದ್ದೇಶವಿತ್ತು ಎನ್ನಲಾಗದು ಎಂದೂ ಹೇಳಿತು. ಮಾತು ಸರಿಯೇ, ಫೈಲು ಅದಲುಬದಲಾಗೋದೂ ಉಂಟು. ಆದರೆ ಪ್ರಕರಣ ಅಲ್ಲಿಗೇ ನಿಲ್ಲಲಿಲ್ಲ. ಇಂಥ ಚಿತ್ರಗಳಿದ್ದ ಸಂಶೋಧನೆಗೆ ಸರ್ಕಾರಿ ಅನುದಾನ ಬಳಸಿದ ಆರೋಪದ ಇತ್ಯರ್ಥಕ್ಕೆ 2025ರ ಡಿಸೆಂಬರಿನಲ್ಲಿ ಸಂಸ್ಥೆ 1.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ದೂರು ಕೊಟ್ಟ ಡೇವಿಡ್‌ಗೆ ಅದರಲ್ಲೇ ಸುಮಾರು 26 ಲಕ್ಷ ಡಾಲರ್ ಪಾಲು!

ಇದು ಒಂದು ಸಂಸ್ಥೆಯ ಕಥೆ ಮಾತ್ರವಲ್ಲ. ಎಲಿಸಬೆತ್ ಬಿಕ್ ಎಂಬ ವಿಜ್ಞಾನಿ ತಂಡದೊಂದಿಗೆ 20,621 ಲೇಖನ ಜಾಲಾಡಿ 2016ರಲ್ಲಿ ಲೆಕ್ಕ ಕೊಟ್ಟರು: ನೂರಕ್ಕೆ ಸುಮಾರು 4ರಲ್ಲಿ ಚಿತ್ರಗಳದ್ದೇ ತೊಂದರೆ.

ಇದರಲ್ಲಿ ರೋಗಿಗೇನು ನಷ್ಟ? ಒಬ್ಬರ ಲೇಖನ ನಂಬಿ ಇನ್ನೊಬ್ಬರು ಪ್ರಯೋಗ ಕಟ್ಟುತ್ತಾರೆ. ಬುನಾದಿಯೇ ಟೊಳ್ಳಾದರೆ ವರ್ಷಗಳೂ ಹಣವೂ ನೀರುಪಾಲು. ಕ್ಯಾನ್ಸರ್ ರೋಗಿಯ ಹತ್ತಿರ ಇಲ್ಲದ್ದೇ ಆ ವರ್ಷಗಳು.

ಹಾಗಂತ ಗಾಬರಿಬಿದ್ದು ಡಾಕ್ಟರು ಬರೆದ ಮಾತ್ರೆ ಬಿಡೋದು ಬೇಡ. ಒಂದು ಲೇಖನದ ಬಲದ ಮೇಲೆ ಔಷಧಿ ಅಂಗಡಿಗೆ ಬರೋದಿಲ್ಲ. ಹಂತಹಂತವಾಗಿ ರೋಗಿಗಳ ಮೇಲೆ ಪರೀಕ್ಷೆಯಾಗಿಯೇ ಬರಬೇಕು. ತಪ್ಪು ಲೇಖನ ವಾಪಸಾಯಿತು ಅಂದರೆ ವಿಜ್ಞಾನ ಕೆಟ್ಟಿತು ಅಂತಲ್ಲ, ತಕ್ಕಡಿಗೆ ತಪಾಸಣೆ ಆಯಿತು ಅಂತ.