ಅಂಗಡಿಯೋ ಆ್ಯಪೋ? ಕಲ್ಯಾಣ-ಡೊಂಬಿವಲಿಯಲ್ಲಿ ಕೇಳಿಬರುವ ಕೆಲವು ತಪ್ಪು ಕಲ್ಪನೆಗಳು

2019ರ ಡಿಸೆಂಬರ್ ಕೊನೆಯಲ್ಲಿ ರಿಲಯನ್ಸ್ ಸಂಸ್ಥೆ ಜಿಯೋಮಾರ್ಟ್ ಶುರುಮಾಡಿದಾಗ ಪ್ರಯೋಗಕ್ಕೆ ಆರಿಸಿಕೊಂಡದ್ದು ನವಿಮುಂಬಯಿ, ಥಾಣೆ ಮತ್ತು ಕಲ್ಯಾಣವನ್ನು. ಬೇರೆ ಊರುಗಳಿಗೆ ಅದು ಹೋದದ್ದು ಆಮೇಲೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ವಾಟ್ಸ್‌ಆ್ಯಪ್‌ನಲ್ಲಿ ದಿನಸಿ ಆರ್ಡರ್ ಮಾಡುವ ಏರ್ಪಾಡೂ ಮೊದಲು ಬಂದದ್ದು ಇದೇ ಮೂರು ಕಡೆಗೆ. ಆರ್ಡರ್ ಹೋಗುತ್ತಿದ್ದದ್ದು ಫೋನಿನಿಂದ, ಸಾಮಾನು ಸಿಗುತ್ತಿದ್ದದ್ದು ಹತ್ತಿರದ ಕಿರಾಣಿ ಅಂಗಡಿಯಲ್ಲಿ. ಅಂದರೆ ಅಂಗಡಿಗೂ ಆನ್‌ಲೈನಿಗೂ ನಡುವೆ ಇದೆಯೆಂದು ನಾವು ಭಾವಿಸುವ ಗೋಡೆ ಈ ಭಾಗದಲ್ಲಿ ಮೊದಲ ದಿನದಿಂದಲೂ ಗಟ್ಟಿಯಾಗಿರಲಿಲ್ಲ.

ಆದರೂ ಲೋಕಲ್ ಟ್ರೇನಿನಲ್ಲಿ, ಸೊಸೈಟಿಯ ಗೇಟಿನಲ್ಲಿ, ಸಂಘದ ಕಾರ್ಯಕ್ರಮ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ಈ ಮಾತು ಬಂತೆಂದರೆ ಜನ ಎರಡು ಪಕ್ಷವಾಗುತ್ತಾರೆ. ಒಬ್ಬರಿಗೆ ಅಂಗಡಿಯವನು ಮೋಸಗಾರ, ಇನ್ನೊಬ್ಬರಿಗೆ ಆ್ಯಪಿನಲ್ಲಿ ಕೊಳ್ಳುವವರೆಲ್ಲ ಊರು ಹಾಳುಮಾಡುವವರು. ಎರಡೂ ಸರಿಯಲ್ಲ. ಎಲ್ಲಿ ಕೊಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸಾಮಾನು ಕೆಟ್ಟರೆ ಉತ್ತರ ಕೊಡುವವರು ಯಾರು? ಈ ಪ್ರಶ್ನೆ ಹಿಡಿದು ಹೊರಟರೆ ನಾವು ಸತ್ಯವೆಂದು ನಂಬಿದ ಹಲವು ಮಾತುಗಳು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಆನ್‌ಲೈನ್ ಯಾವಾಗಲೂ ಅಗ್ಗ

ವಾಸ್ತವ: ಕೆಲವು ವಸ್ತುಗಳಿಗೆ ಹೌದು. ಹಬ್ಬದ ಸೇಲ್‌ನಲ್ಲಿ ಮೊಬೈಲ್, ಟಿವಿ, ಬ್ಯಾಂಕ್ ಕಾರ್ಡಿನ ರಿಯಾಯಿತಿಯೂ ಸೇರಿದರೆ ನಿಜಕ್ಕೂ ಕಡಿಮೆಗೆ ಸಿಗುತ್ತವೆ. ದಿನಸಿಗೆ ಈ ಮಾತು ಹೊಂದುವುದಿಲ್ಲ. ಪೊಟ್ಟಣದ ಮೇಲಿನ ಎಂಆರ್‌ಪಿ ಗರಿಷ್ಠ ಬೆಲೆ. ಅದರೊಳಗೆ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದಕ್ಕಿಂತ ಕಡಿಮೆಗೆ ಮಾರಲು ಅಂಗಡಿಯವನಿಗೆ ಯಾವ ಅಡ್ಡಿಯೂ ಇಲ್ಲ. ಆ್ಯಪಿನಲ್ಲಿ ಎಂಆರ್‌ಪಿಗೆ ಅಡ್ಡಗೆರೆ ಎಳೆದು ಕೆಳಗೆ ಸಣ್ಣ ಬೆಲೆ ತೋರಿಸಿದರೆ ನಮಗೆ ಲಾಭವಾಯಿತೆನಿಸುತ್ತದೆ. ಆದರೆ ಬಡಾವಣೆಯ ಕಿರಾಣಿಯವನು ಅದೇ ಬೆಲೆಗೆ ಮೊದಲಿಂದಲೂ ಕೊಡುತ್ತಿದ್ದಿರಬಹುದು.

ಪೊಟ್ಟಣದ ಮೇಲೆ ಈಗ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಎಂಬ ಬೆಲೆಯೂ ಇರುತ್ತದೆ. ಹೋಲಿಸಬೇಕಾದದ್ದು ಅದನ್ನು. 900 ಗ್ರಾಂ ಪೊಟ್ಟಣವನ್ನು ಒಂದು ಕಿಲೋದ ಪಕ್ಕದಲ್ಲಿಟ್ಟು ಅಗ್ಗವೆಂದು ಕೊಂಡರೆ ನಷ್ಟ ನಮ್ಮದೇ. ಇನ್ನು ಕೊನೆಯ ಪುಟದಲ್ಲಿ ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಆರ್ಡರ್ ಸಣ್ಣದಾದರೆ ಅದಕ್ಕೊಂದು ಶುಲ್ಕ. ಹೀಗೆ ಖರ್ಚನ್ನು ಕಂತುಕಂತಾಗಿ ಕೊನೆಗೆ ಹೊರತೆಗೆಯುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು ಇವನ್ನೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಅದು ಪಟ್ಟಿಮಾಡಿದೆ. ಪಟ್ಟಿ ಮಾಡಿದ ಮಾತ್ರಕ್ಕೆ ಅವು ನಿಂತಿಲ್ಲ, ಹಾಗಾಗಿ ಹಣ ಕೊಡುವ ಮುನ್ನ ಕೊನೆಯ ಮೊತ್ತವನ್ನು ನೋಡಲೇಬೇಕು.

ತರಕಾರಿಯ ವಿಷಯದಲ್ಲಿ ನಮ್ಮ ಭಾಗದ ಅದೃಷ್ಟ ದೊಡ್ಡದು. ಹಿಂದೆ ದಕ್ಷಿಣ ಮುಂಬಯಿಯಲ್ಲಿದ್ದ ಸಗಟು ಮಾರುಕಟ್ಟೆಗಳು 1980-90ರ ದಶಕಗಳಲ್ಲಿ ಒಂದೊಂದಾಗಿ ವಾಶಿ-ತುರ್ಭೆಗೆ ಬಂದವು. ಈರುಳ್ಳಿ-ಬಟಾಟೆ, ಹಣ್ಣು, ತರಕಾರಿ, ಧಾನ್ಯ, ಮಸಾಲೆ ಎಲ್ಲಕ್ಕೂ ಈಗ ಅದೇ ಎಪಿಎಂಸಿ. ಕಲ್ಯಾಣದಲ್ಲಿಯೂ ಎಪಿಎಂಸಿ ಇದೆ. ಸಂಜೆ ಸ್ಟೇಷನ್ನಿನಿಂದ ಮನೆಗೆ ನಡೆಯುವ ದಾರಿಯಲ್ಲಿ ಗಾಡಿಯವನು ಕೊಡುವ ಮೆಂತೆಸೊಪ್ಪಿನ ಬೆಲೆಯ ಹತ್ತಿರಕ್ಕೆ ಆ್ಯಪು ಬರುವುದು ಅಪರೂಪ.

ತಪ್ಪು ಕಲ್ಪನೆ: ಅಂಗಡಿಯಲ್ಲಿ ಕೊಂಡದ್ದು ವಾಪಸ್ ಇಲ್ಲ, ಆನ್‌ಲೈನ್‌ನಲ್ಲಿ ಎಲ್ಲವೂ ವಾಪಸ್

ವಾಸ್ತವ: ಜನರಿಗೆ ಅತಿ ಹೆಚ್ಚು ನಷ್ಟ ತಂದಿರುವ ಕಲ್ಪನೆ ಇದು. 'ವಿಕಲೇಲಾ ಮಾಲ್ ಪರತ್ ಘೇತಲಾ ಜಾಣಾರ್ ನಾಹೀ' ಎಂಬ ಬೋರ್ಡನ್ನು ಡೊಂಬಿವಲಿಯ ಫಡ್ಕೆ ರಸ್ತೆಯಿಂದ ಕಲ್ಯಾಣದ ಶಿವಾಜಿ ಚೌಕದವರೆಗೆ ಎಷ್ಟೋ ಕಡೆ ನೋಡಿ ನೋಡಿ ಅದೇ ಕಾನೂನು ಎಂದುಕೊಂಡಿದ್ದೇವೆ. ಕಾನೂನು ಹೇಳುವುದು ಬೇರೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಮಾರಿದ ಮೇಲೆ ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಬರೆಯದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆಯಬೇಕು. ಗೋಡೆಯ ಮೇಲಿನ ಬೋರ್ಡು ಈ ಹಕ್ಕನ್ನು ಕಸಿಯಲಾರದು.

ಅದೇ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿಯೇ. ನಮ್ಮಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ. "ಪಕ್ಕಾ ಬಿಲ್ಲು ಬೇಕಾದರೆ ಜಿಎಸ್‌ಟಿ ಬೇರೆ" ಎಂದು ಅಂಗಡಿಯವನು ಹೇಳಿದಾಗ ನಾಲ್ಕು ಕಾಸು ಉಳಿಯಿತೆಂದು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಲೆಕ್ಕ ಹಿಡಿದು ಬರುತ್ತೇವೆ. ಮಿಕ್ಸರ್ ಸುಟ್ಟಾಗ ಆ ಚೀಟಿಗೆ ಬೆಲೆಯಿಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲೂ ಇಲ್ಲ, ಗ್ರಾಹಕ ಆಯೋಗದ ಮುಂದೆಯೂ ಅದು ನಿಲ್ಲುವುದು ಕಷ್ಟ. ಅಂಗಡಿಯಲ್ಲಿ ಕೊಳ್ಳುವವರು ಬೇರೇನು ಮರೆತರೂ ಪಕ್ಕಾ ಬಿಲ್ಲನ್ನು ಮರೆಯಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಆನ್‌ಲೈನ್. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ತೋರಿಸಿದಂತೆ ಇರದಿದ್ದರೆ ಮಾರಾಟಗಾರ ಹಿಂದಕ್ಕೆ ಪಡೆಯಲೇಬೇಕು. ಆದರೆ ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎನ್ನುವುದಕ್ಕೆ ವಾಪಸ್ ಪಡೆಯುವುದು ಆಯಾ ಕಂಪನಿಯ ಸೌಜನ್ಯ. ಅದು ವಸ್ತುವಿನಿಂದ ವಸ್ತುವಿಗೆ ಬೇರೆ. ಆಹಾರ, ಒಳಉಡುಪಿನಂಥವುಗಳಿಗೆ ಬಹಳ ಕಡೆ ವಾಪಸ್ ಇಲ್ಲ. ಎಷ್ಟೋ ಎಲೆಕ್ಟ್ರಾನಿಕ್ ವಸ್ತುಗಳಿಗೆ ಬದಲಿ ಮಾತ್ರ, ಹಣ ಇಲ್ಲ. ಆರ್ಡರ್ ಒತ್ತುವ ಮೊದಲು ಆ ಒಂದು ಸಾಲು ಓದಿಕೊಳ್ಳಬೇಕು.

ತಪ್ಪು ಕಲ್ಪನೆ: ಆನ್‌ಲೈನ್ ಎಂದರೆ ದೂರದ ವ್ಯಾಪಾರ, ಅಂಗಡಿ ಎಂದರೆ ನಮ್ಮೂರಿನದು

ವಾಸ್ತವ: ಆ್ಯಪಿನಲ್ಲಿ ಒತ್ತಿದ ಸಾಮಾನು ಬರುವುದು ಎಲ್ಲಿಂದ? ಎಷ್ಟೋ ಸಲ ಕಲ್ಯಾಣದ ಪಕ್ಕದ ಭಿವಂಡಿಯಿಂದ. ಕೈಮಗ್ಗ, ಪವರ್‌ಲೂಮ್‌ಗಳ ಈ ಊರು ಇಂದು ದೇಶದ ಅತಿ ದೊಡ್ಡ ಗೋದಾಮು ಪ್ರದೇಶಗಳಲ್ಲಿ ಒಂದು. ಮುಂಬಯಿಯಲ್ಲಿ ಜಕಾತಿ ಇದ್ದಷ್ಟು ಕಾಲ ನಾಕಾದ ಹೊರಗೆ, ನಾಸಿಕ ಹೆದ್ದಾರಿಯ ಬದಿಯಲ್ಲಿದ್ದದ್ದೇ ಭಿವಂಡಿಗೆ ಅನುಕೂಲವಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಜಕಾತಿ ಹೋದ ಮೇಲೂ ಗೋದಾಮುಗಳು ಬೆಳೆಯುತ್ತಲೇ ಇವೆ. ಉಲ್ಲಾಸನಗರದ ಕಥೆಯೂ ಹೀಗೆಯೇ. ದೇಶ ವಿಭಜನೆಯ ಬಳಿಕ ಸಿಂಧಿ ನಿರಾಶ್ರಿತರು ನೆಲೆಸಿದ ಕಲ್ಯಾಣದ ಹಳೆಯ ಮಿಲಿಟರಿ ಕ್ಯಾಂಪು 1949ರಲ್ಲಿ ಉಲ್ಲಾಸನಗರವಾಯಿತು. ಅಲ್ಲಿ ಹೊಲಿದ ಜೀನ್ಸ್ ದೇಶದ ಮೂಲೆಮೂಲೆಗೆ ಹೋಗುತ್ತದೆ. ಯಾವುದೋ ಹೆಸರಿನ ಬ್ರಾಂಡಿನಲ್ಲಿ ಆನ್‌ಲೈನ್ ತರಿಸಿಕೊಂಡ ಪ್ಯಾಂಟು ರೈಲಿನಲ್ಲಿ ಒಂದೆರಡು ನಿಲ್ದಾಣದ ಆಚೆ ಹೊಲಿದದ್ದೂ ಆಗಿರಬಹುದು.

ಇನ್ನೊಂದು ಮುಖ್ಯ ಸಂಗತಿ ಇದೆ. ವಿದೇಶಿ ಬಂಡವಾಳ ಇರುವ ಆನ್‌ಲೈನ್ ಮಾರುಕಟ್ಟೆ ತಾನೇ ಸರಕಿನ ಮಾಲೀಕನಾಗಿ ಗ್ರಾಹಕರಿಗೆ ಮಾರುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. 2016ರಲ್ಲಿ ಸ್ಪಷ್ಟವಾದ ಈ ನಿಯಮ 2019ರ ಫೆಬ್ರವರಿಯಿಂದ ಇನ್ನೂ ಬಿಗಿಯಾಯಿತು. ಹಾಗಾಗಿ ಆ್ಯಪಿನ ಹೆಸರು ಒಂದು, ಮಾರುವವನ ಹೆಸರು ಇನ್ನೊಂದು. ಉತ್ತರ ಕೊಡಬೇಕಾದ ಮಾರಾಟಗಾರನ ಹೆಸರು, ವಿಳಾಸ, ವಸ್ತು ತಯಾರಾದ ದೇಶ ಇವನ್ನೆಲ್ಲ ತೋರಿಸಬೇಕೆಂದು ನಿಯಮವಿದೆ. ಫೋಟೋ ನೋಡುವಷ್ಟೇ ಗಮನದಿಂದ ಅವನ್ನೂ ನೋಡಿ.

ತಪ್ಪು ಕಲ್ಪನೆ: ನಾಲ್ಕೂವರೆ ಸ್ಟಾರ್ ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು

ವಾಸ್ತವ: ದುಡ್ಡು ಕೊಟ್ಟು ಬರೆಸುವ ವಿಮರ್ಶೆಗಳ ಹಾವಳಿ ಎಷ್ಟೆಂದರೆ, ವಿಮರ್ಶೆ ಹೇಗಿರಬೇಕು ಎಂದು 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಒಂದು ಮಾನದಂಡವನ್ನೇ ತರಬೇಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ, ಕಡ್ಡಾಯ ಗುಣಮಟ್ಟ ಪಾಲಿಸದ ಪ್ರೆಶರ್ ಕುಕ್ಕರ್‌ಗಳನ್ನು ಮಾರಲು ಬಿಟ್ಟದ್ದಕ್ಕೆ ಗ್ರಾಹಕ ಪ್ರಾಧಿಕಾರ ಅಮೆಜಾನ್‌ಗೆ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕೊಂಡಿದ್ದ 2,265 ಕುಕ್ಕರ್‌ಗಳನ್ನು ಹಿಂದಕ್ಕೆ ಪಡೆದು ಹಣ ಕೊಡುವಂತೆ ಆದೇಶಿಸಿತು. ಕುಕ್ಕರ್, ಹೆಲ್ಮೆಟ್, ಗ್ಯಾಸ್ ಒಲೆಯಂಥವನ್ನು ಕೊಳ್ಳುವಾಗ ಸ್ಟಾರ್ ಅಲ್ಲ, ಐಎಸ್‌ಐ ಗುರುತನ್ನು ನೋಡಬೇಕು. ಬೀದಿ ಬದಿಯ ಹೆಲ್ಮೆಟ್ಟಿಗೂ ಈ ಮಾತು ಅಷ್ಟೇ ಅನ್ವಯ.

ತಪ್ಪು ಕಲ್ಪನೆ: ಊರಿನ ಸಾಮಾನೂ ಈಗ ಆ್ಯಪಿನಲ್ಲೇ ಸಿಗುವಾಗ 'ಮಂಗಳೂರು ಸ್ಟೋರ್' ಏಕೆ?

ವಾಸ್ತವ: ಸಿಗುತ್ತದೆ, ನಿಜ. ಕುಚ್ಚಲಕ್ಕಿ, ಕೋರಿ ರೊಟ್ಟಿ, ಹಲಸಿನ ಹಪ್ಪಳ ಎಲ್ಲವೂ ಹುಡುಕಿದರೆ ಬರುತ್ತವೆ. ಆದರೆ ಕುಚ್ಚಲಕ್ಕಿ ಎಂದು ಹುಡುಕಿದರೆ ಕೇರಳದ ಅಕ್ಕಿಯೂ ಬರುತ್ತದೆ, ಬೇಯುವ ಹೊತ್ತೇ ಬೇರೆಯಾದ ಇನ್ಯಾವುದೋ ಅಕ್ಕಿಯೂ ಬರುತ್ತದೆ. ಬ್ಯಾಡಗಿ ಮೆಣಸಿನಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಈ ಸಲದ ಮಾಲಿಗೆ ಬಣ್ಣ ಹೇಗಿದೆ ಎಂದು ಹೇಳಬಲ್ಲವನು ಚೀಲ ಬಿಚ್ಚಿ ಕೈಯಲ್ಲಿ ಹಿಡಿದ ಅಂಗಡಿಯವನು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸು, ಮಟ್ಟುಗುಳ್ಳಗಳ ಹೆಸರನ್ನು ಪೊಟ್ಟಣದ ಮೇಲೆ ಯಾರು ಬೇಕಾದರೂ ಮುದ್ರಿಸಿಯಾರು. ಕೊಂಡ ಮೇಲೆ "ಇದು ಅದಲ್ಲವಲ್ಲ ಅಣ್ಣಾ" ಎಂದು ಎದುರು ನಿಂತು ಕೇಳಲು ಸಾಧ್ಯವಾಗುವುದು ಅಂಗಡಿಯಲ್ಲಿ ಮಾತ್ರ. ಚೌತಿಯ ಹಿಂದಿನ ದಿನ ಶಂಕರಪುರದ ಮಲ್ಲಿಗೆ ಬಂತೇ ಎಂದು ಫೋನ್ ಮಾಡಿ ಕೇಳುವುದೂ ಅಲ್ಲಿಯೇ. ಇಂಥ ಅಂಗಡಿಗಳು ಮುಚ್ಚಿದರೆ ಈ ತಿಳಿವಳಿಕೆ ಇನ್ನೆಲ್ಲಿಯೂ ಸಿಗದು. ಇಲ್ಲಿ ಎರಡು ರೂಪಾಯಿ ಹೆಚ್ಚು ಕೊಡುವುದು ನಷ್ಟವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಕಲ್ಯಾಣದಲ್ಲಿ ನೆಲೆಸಿದವರ ಮಾರುಕಟ್ಟೆ ಇನ್ನೊಂದು ಬಗೆಯದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿಗಳನ್ನು ಮನೆಯಲ್ಲಿ ಮಾಡಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾರುವ ತಾಯಂದಿರಿದ್ದಾರೆ. ಅದನ್ನು ಆನ್‌ಲೈನ್ ಎನ್ನಬೇಕೋ, ಸ್ಥಳೀಯ ವ್ಯಾಪಾರ ಎನ್ನಬೇಕೋ? ಎರಡೂ ಹೌದು. ಅವರಿಂದ ಕೊಳ್ಳುವಾಗಲೂ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಮಾಡಿಸಿಕೊಳ್ಳಲು ಹೇಳಿ, ಅವರ ವ್ಯಾಪಾರ ಬೆಳೆಯಲಿಕ್ಕೂ ಅದು ಬೇಕು.

ತಪ್ಪು ಕಲ್ಪನೆ: ಹತ್ತು ನಿಮಿಷದ ಡೆಲಿವರಿ ಬಂದ ಮೇಲೆ ಸಣ್ಣ ಅಂಗಡಿಯ ಕಾಲ ಮುಗಿಯಿತು

ವಾಸ್ತವ: ಪೆಟ್ಟು ಬಿದ್ದಿರುವುದು ನಿಜ, ಅದನ್ನು ಮುಚ್ಚಿಡಬಾರದು. ಬಿಸ್ಕತ್ತು, ಸಾಬೂನು, ಚಿಪ್ಸಿನ ವ್ಯಾಪಾರದಲ್ಲಿ ಒಂದು ಪಾಲು ಆ್ಯಪಿಗೆ ಹೋಗಿದೆ. ಆದರೆ 2020ರ ಮಾರ್ಚ್ ಕೊನೆಯಲ್ಲಿ ದೊಡ್ಡ ಕಂಪನಿಗಳ ಡೆಲಿವರಿ ತಡವರಿಸಿದಾಗ ನಮ್ಮ ಕಟ್ಟಡಗಳಿಗೆ ಅಕ್ಕಿ-ಬೇಳೆ ತಲುಪಿದ್ದು ಹತ್ತಿರದ ಅಂಗಡಿಗಳಿಂದ. ಅದೇ ವರ್ಷ ಜನವರಿಯಿಂದ ಯುಪಿಐ ವಹಿವಾಟಿಗೆ ವ್ಯಾಪಾರಿ ಶುಲ್ಕ ಶೂನ್ಯವಾಯಿತು, ಕ್ಯೂಆರ್ ಚೀಟಿ ತೊಗರಿಬೇಳೆಯ ಡಬ್ಬದ ಪಕ್ಕದಲ್ಲಿ ಬಂದು ಕೂತಿತು. ಫೋನ್ ಮಾಡಿದರೆ ಹುಡುಗನನ್ನು ಮಹಡಿಗೆ ಕಳಿಸುವ, ತಿಂಗಳ ಕೊನೆಗೆ ಉಧಾರಿ ಬರೆದುಕೊಳ್ಳುವ ಅಂಗಡಿಗಳು ಇಂದಿಗೂ ಇವೆ. ಒಂಟಿಯಾಗಿರುವ ಹಿರಿಯರಿಗೆ ಆ ಉಧಾರಿ ಪುಸ್ತಕ ಬರೀ ಲೆಕ್ಕವಲ್ಲ. ಎರಡು ದಿನ ಹಾಲು ಕೇಳದಿದ್ದರೆ "ಅಜ್ಜಿ ಹೇಗಿದ್ದಾರೆ" ಎಂದು ವಿಚಾರಿಸುವವರು ಅವರಿಗೆ ಬೇಕು.

ಸಣ್ಣ ವ್ಯಾಪಾರವೂ ಆನ್‌ಲೈನ್ ಆಗಿ ಬದುಕಬಲ್ಲದು ಎನ್ನುವುದಕ್ಕೆ ಡೊಂಬಿವಲಿಯಲ್ಲೇ ಪೈ ಅವರ ಫ್ರೆಂಡ್ಸ್ ಲೈಬ್ರರಿ ಇದೆ. 1986ರಲ್ಲಿ ಸಣ್ಣದಾಗಿ ಆರಂಭವಾದ ಈ ಗ್ರಂಥಾಲಯ ಓದುಗರು ಇಂಟರ್‌ನೆಟ್ಟಿನಲ್ಲಿ ಆರಿಸಿದ ಪುಸ್ತಕವನ್ನು ಮನೆಗೆ ತಲುಪಿಸುತ್ತದೆ. ಆನ್‌ಲೈನ್ ಎಂಬುದು ದೊಡ್ಡವರ ಆಸ್ತಿಯಲ್ಲ.

ತಪ್ಪು ಕಲ್ಪನೆ: ದೂರು ಕೊಟ್ಟರೆ ಕೋರ್ಟು, ವಕೀಲ, ವರ್ಷಗಟ್ಟಲೆ ಅಲೆದಾಟ

ವಾಸ್ತವ: ಮೊದಲ ಹೆಜ್ಜೆ ಕೋರ್ಟು ಅಲ್ಲವೇ ಅಲ್ಲ. ಆನ್‌ಲೈನ್ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ, ಅಥವಾ ದೂರು ಅಂಗಡಿಯ ಮೇಲಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ವಾಸಿಸುವ ಥಾಣೆ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು, 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ ಇದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದಾಖಲಿಸಬೇಕು, ಅಷ್ಟೆ. ಬಿಲ್ಲು, ಆರ್ಡರಿನ ಸ್ಕ್ರೀನ್‌ಶಾಟ್, ಪೊಟ್ಟಣ ಬಿಚ್ಚುವಾಗಿನ ಫೋಟೋ, ಬರೆದ ದೂರಿನ ಪ್ರತಿ ಇವಿಷ್ಟನ್ನು ಜೋಪಾನ ಮಾಡಿ. 1915ಕ್ಕೆ ಕರೆ ಮಾಡುವವರು ಹಿಂದಿಯಲ್ಲೋ ಮರಾಠಿಯಲ್ಲೋ ತಡವರಿಸಬೇಕಾಗಿಲ್ಲ. ಆ ಸಹಾಯವಾಣಿ 17 ಭಾಷೆಗಳಲ್ಲಿ ನಡೆಯುತ್ತದೆ, ಅವುಗಳಲ್ಲಿ ಕನ್ನಡವೂ ಇದೆ.