ಹೆಬ್ಬೆಟ್ಟಿನ ಪಕ್ಕದ ಸಹಿ

ಹಾರೋಹಳ್ಳಿಯಲ್ಲಿ ಕನಕಪುರ ರಸ್ತೆ ಬಿಟ್ಟು ಒಳದಾರಿ ಹಿಡಿದರೆ ಕೈಗಾರಿಕಾ ಪ್ರದೇಶದ ಲಾರಿಗಳ ಸದ್ದು ಹಿಂದೆ ಬೀಳುತ್ತದೆ. ಹಿಪ್ಪುನೇರಳೆ ತೋಟ, ಕಾಯಿ ಜೋತ ಮಾವು, ಮಳೆಗೆ ಕಾದ ರಾಗಿ ಹೊಲ. 2024ರ ಏಪ್ರಿಲ್, ಲೋಕಸಭೆ ಚುನಾವಣೆಯ ಬಿಸಿಲು. ಹೆಂಚಿನ ಮನೆಯೊಂದರ ಮುಂದೆ ಜೀಪು ನಿಲ್ಲುತ್ತದೆ. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸ್, ಕ್ಯಾಮೆರಾ ಹಿಡಿದ ಹುಡುಗ, ಮನೆ ತೋರಿಸಲು ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ). ಈ ಸೀಮೆಯ ಎಷ್ಟೋ ಜಗಲಿಗಳು ಆ ವಾರ ಮತಗಟ್ಟೆಗಳಾದವು.

85 ದಾಟಿದವರು, ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರುವವರು ನಮೂನೆ 12ಡಿ ತುಂಬಿಕೊಟ್ಟರೆ ಮನೆಯಲ್ಲೇ ಅಂಚೆ ಮತ. ಹಾಗೆ ಒಪ್ಪಿಕೊಂಡವರು ಮತ್ತೆ ಮತಗಟ್ಟೆಗೆ ಹೋಗುವಂತಿಲ್ಲ. ಈ ಹೆಂಚಿನ ಮನೆಯ ಅಜ್ಜಿಗೆ ಇರುವುದು ಇದೊಂದೇ ಅವಕಾಶ.

ರಟ್ಟಿನ ಮರೆಯ ಹಿಂದೆ ಗುರುತು ಹಾಕಿದ ಚೀಟಿ ಮಡಚಿ ಒಳಲಕೋಟೆ ಸೇರುತ್ತದೆ, ಅದಕ್ಕೆ ಅಂಟು. ಆಮೇಲೆ 13ಎ ಎಂಬ ಘೋಷಣಾ ಪತ್ರ. "ಅಜ್ಜೀ, ಇಲ್ಲಿ ಹೆಬ್ಬೆಟ್ಟು ಒತ್ತಿ" ಎನ್ನುತ್ತಾರೆ ಅಧಿಕಾರಿ. ನೀಲಿ ಶಾಯಿಯ ಗುರುತು ಕಾಗದದ ಮೇಲೆ ಕೊಂಚ ಹರಡುತ್ತದೆ. ಅದರ ಪಕ್ಕ ಅಧಿಕಾರಿಯ ಸಹಿ ಬೀಳಬೇಕು. ಒಳಲಕೋಟೆ, 13ಎ ಎರಡೂ ಹೊರಲಕೋಟೆಗೆ.

"ನನ್ ಓಟು ಬಿತ್ತೇನಪ್ಪಾ?"

"ಬಿತ್ತಜ್ಜಿ."

ಆ ಉತ್ತರ ನಿಜವಾಗುವುದು ಆ ಸಹಿ ಇದ್ದರೆ ಮಾತ್ರ. ಎಣಿಕೆಯ ದಿನ ಮೊದಲು ತೆರೆಯುವುದು ಹೊರಲಕೋಟೆ. 13ಎ ಇಲ್ಲದಿದ್ದರೆ, ದೃಢೀಕರಣದ ಸಹಿ ಇಲ್ಲದಿದ್ದರೆ, ಚೀಟಿಯ ಕ್ರಮಸಂಖ್ಯೆ ಹೊಂದದಿದ್ದರೆ ಒಳಲಕೋಟೆಯನ್ನು ಒಡೆಯುವುದೇ ಇಲ್ಲ. ಅಜ್ಜಿ ಯಾರಿಗೆ ಹಾಕಿದಳೆಂದು ಯಾರಿಗೂ ತಿಳಿಯದೆ ಮತ ತಿರಸ್ಕೃತವಾಗುತ್ತದೆ.

ಈ ಸೀಮೆ ಸೇರುವ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಆ ಸಲ ಡಾ. ಸಿ.ಎನ್. ಮಂಜುನಾಥ್ ಗೆದ್ದ ಅಂತರ 2,69,647. ಅಷ್ಟು ದೊಡ್ಡ ಅಂತರದಲ್ಲಿ ತಿರಸ್ಕೃತ ಲಕೋಟೆಗಳ ಗೊಡವೆ ಯಾರಿಗೆ? ಆದರೆ ಇದೇ ಕನಕಪುರ ರಸ್ತೆ ಹಿಡಿದು ಬೆಂಗಳೂರಿನತ್ತ ಹೋದರೆ ಜಯನಗರ ಸಿಗುತ್ತದೆ. 2023ರ ಮೇ 13ರ ರಾತ್ರಿ, ವಿಧಾನಸಭೆ ಚುನಾವಣೆಯ ಎಣಿಕೆಯಲ್ಲಿ, ಅಲ್ಲಿ ಮುನ್ನಡೆ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರದಿತ್ತು. ತಿರಸ್ಕೃತ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಬೇಕೆಂದು ಬಿಜೆಪಿ ಪಟ್ಟು ಹಿಡಿಯಿತು. ಎಣಿಕೆ ನಡೆದ ಕಾಲೇಜಿನ ಹೊರಗೆ ಘೋಷಣೆ, ಪ್ರತಿಭಟನೆ. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ದೃಢೀಕರಣದ ಸಹಿಯಿಲ್ಲದ ಮತಗಳನ್ನು ಎಣಿಸಲಾಗಿದೆ ಎಂಬ ತಕರಾರು ಎದ್ದು, ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. ಗುಜರಾತಿನ ಧೋಲ್ಕಾದಲ್ಲಿ ಕಥೆ ತಿರುಗುಮುರುಗು: 2017ರಲ್ಲಿ ಗೆಲುವಿನ ಅಂತರ 327, ತಿರಸ್ಕೃತ ಅಂಚೆ ಮತ 429. ತಿರಸ್ಕರಿಸಿದ್ದು ಅಕ್ರಮವೆಂದು 2020ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟ್ ಆ ಆಯ್ಕೆಯನ್ನೇ ರದ್ದುಪಡಿಸಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಅವನ್ನೆಲ್ಲ ಮರುಪರಿಶೀಲಿಸಲೇಬೇಕೆಂದು ಚುನಾವಣಾ ಆಯೋಗದ ಸೂಚನೆಯಿದೆ. ಸೋತವರಿಗೆ 45 ದಿನದೊಳಗೆ ಹೈಕೋರ್ಟಿಗೆ ಹೋಗುವ ದಾರಿಯೂ ಇದೆ. ಅಜ್ಜಿಗೆ ಮಾತ್ರ ತನ್ನ ಲಕೋಟೆ ಬದಿಗೆ ಬಿತ್ತೆಂಬ ಸುದ್ದಿಯೂ ಮುಟ್ಟುವುದಿಲ್ಲ. ಅಧಿಕಾರಿ ಮರೆತ ಸಹಿಗೆ ಮತದಾರರು ದಂಡ ತೆರುವುದು ಅನ್ಯಾಯ.

ಮುಂದಿನ ಚುನಾವಣೆಗೆ ನಿಮ್ಮ ಮನೆಗೂ ಆ ಜೀಪು ಬರಬಹುದು. ಮತ ಯಾರಿಗೆಂದು ಇಣುಕಬೇಡಿ. ಹೊರಲಕೋಟೆಗೆ ಅಂಟು ಹಚ್ಚುವ ಮುನ್ನ "ಸಾರ್, 13ಎಗೆ ನಿಮ್ಮ ಸಹಿ ಆಯ್ತಾ?" ಎಂದು ಕೇಳಿ, ನೋಡಿ.